ಔಟ್‌ಬ್ಯಾಕ್‌ನಲ್ಲಿ ಅಗ್ಗಿಷ್ಟಿಕೆ: ಮೊದಲು ನೀರು, ಆಮೇಲೆ ಬೆಂಕಿಕಡ್ಡಿ

ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಅಂದರೆ ಅಲ್ಲಿನವರು ಔಟ್‌ಬ್ಯಾಕ್ ಎಂದು ಕರೆಯುವ ಕೆಂಪು ಮಣ್ಣಿನ ಬಯಲಿನಲ್ಲಿ, ಜೂನ್-ಜುಲೈ ತಿಂಗಳ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹಗಲೆಲ್ಲ ಕಾರು ಓಡಿಸಿ ದಣಿದವರಿಗೆ ಡೇರೆಯ ಮುಂದೊಂದು ಅಗ್ಗಿಷ್ಟಿಕೆ ಬೇಕೆನಿಸುವುದು ಸಹಜ. ಮೆಲ್ಬರ್ನ್, ಸಿಡ್ನಿ, ಅಡಿಲೇಡ್‌ಗಳಲ್ಲಿ ನೆಲೆಸಿ, ಶಾಲೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಆ ಕಡೆ ಹೊರಡುವ ಕನ್ನಡಿಗರಿಗಾಗಲಿ, ಇಲ್ಲಿಂದ ಪ್ರವಾಸ ಹೋಗುವವರಿಗಾಗಲಿ ಬೆಂಕಿ ಹಚ್ಚುವುದು ಬಾರದ ವಿದ್ಯೆಯಲ್ಲ. ಆದರೆ ಅಲ್ಲಿ ಹಚ್ಚುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸ. ಅದರ ಲೆಕ್ಕಾಚಾರ ಮನೆಯಿಂದ ಹೊರಡುವ ಮುನ್ನವೇ ಶುರುವಾಗಬೇಕು.

ಈ ದಿನ ಹಚ್ಚಬಹುದೇ?

ತೀವ್ರ ಅಪಾಯದ ದಿನಗಳಲ್ಲಿ ಆಯಾ ರಾಜ್ಯದವರು ‘ಟೋಟಲ್ ಫೈರ್ ಬ್ಯಾನ್’ ಘೋಷಿಸುತ್ತಾರೆ. ಆ ದಿನ ಬಯಲಿನಲ್ಲಿ ಸೌದೆಯ ಬೆಂಕಿ ಹಚ್ಚುವುದು ಅಪರಾಧ. ಭಾರಿ ದಂಡ ಮಾತ್ರವಲ್ಲ, ಜೈಲು ಶಿಕ್ಷೆಗೂ ಅವಕಾಶವಿದೆ. ಗ್ಯಾಸ್ ಒಲೆಯ ವಿಷಯದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಗಡಿ ದಾಟಿದಾಗಲೆಲ್ಲ ಮತ್ತೊಮ್ಮೆ ನೋಡಿಕೊಳ್ಳಬೇಕು. ನಿಷೇಧ ಸಾಮಾನ್ಯವಾಗಿ ನಡುರಾತ್ರಿಯಿಂದ ಜಾರಿಗೆ ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ನಾಳೆ ನಿಷೇಧವಿದ್ದರೆ ಇಂದು ರಾತ್ರಿ ಹನ್ನೆರಡರೊಳಗೆ ನಿಮ್ಮ ಕೆಂಡ ತಣ್ಣಗಾಗಿರಬೇಕು.

ಬೆಂಕಿಯ ಅಪಾಯ ಎಷ್ಟೆಂದು ತೋರಿಸುವ ಅರ್ಧಚಂದ್ರಾಕಾರದ ಫಲಕಗಳು ರಸ್ತೆಬದಿಯಲ್ಲಿ ಅಲ್ಲಲ್ಲಿ ಕಾಣುತ್ತವೆ. 2022ರ ಸೆಪ್ಟೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ಅಳತೆ, ಅಪಾಯ ಏರುವ ಕ್ರಮದಲ್ಲಿ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್. ಋತುಮಾನ ಮಾತ್ರ ಒಂದೇ ಅಲ್ಲ. ದಕ್ಷಿಣದಲ್ಲಿ ನಮ್ಮ ದೀಪಾವಳಿಯ ಆಸುಪಾಸಿನಲ್ಲಿ ಬೆಂಕಿಯ ಕಾಲ ಆರಂಭವಾದರೆ, ಡಾರ್ವಿನ್ ಕಡೆಯ ಉತ್ತರದಲ್ಲಿ ಮಳೆ ನಿಂತು ಹುಲ್ಲು ಒಣಗುವ ವರ್ಷದ ನಡುವಿನ ತಿಂಗಳುಗಳೇ ಅಪಾಯದವು. ಮೊಬೈಲ್ ಸಿಗ್ನಲ್ ನೂರಾರು ಕಿಲೋಮೀಟರ್ ಸಿಗದಿರಬಹುದಾದ್ದರಿಂದ, ಕೊನೆಯ ಪಟ್ಟಣದಲ್ಲಿ ಪೆಟ್ರೋಲ್ ತುಂಬಿಸುವಾಗಲೇ ಮುಂದಿನ ದಿನಗಳ ಮುನ್ಸೂಚನೆ ಓದಿಕೊಳ್ಳುವುದು ಮತ್ತು ಅಂಗಡಿಯವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಅನುಮತಿಯೂ ಬೇಕು. ಖಾಲಿ ಕಂಡ ನೆಲವೆಲ್ಲ ಯಾರದೂ ಅಲ್ಲದ್ದು ಎಂದುಕೊಳ್ಳಬಾರದು. ಅದು ‘ಸ್ಟೇಷನ್’ ಎನ್ನುವ ವಿಶಾಲವಾದ ದನಗಾವಲು ಆಗಿರಬಹುದು, ಪರವಾನಗಿಯಿಲ್ಲದೆ ಕಾಲಿಡುವಂತಿಲ್ಲದ ಮೂಲನಿವಾಸಿಗಳ ಭೂಮಿಯೂ ಆಗಿರಬಹುದು. ದನಗಳು ನೀರು ಕುಡಿಯುವ ತೊಟ್ಟಿಯ ಬಳಿ ಬೆಂಕಿ ಹಾಕಿ ಕುಳಿತರೆ ಅವು ಹತ್ತಿರ ಸುಳಿಯದೆ ಬಾಯಾರಿ ನಿಲ್ಲುತ್ತವೆ. ಇದಕ್ಕಿಂತ ಬೇಗ ಅಲ್ಲಿನವರ ಸಿಟ್ಟಿಗೆ ಗುರಿಯಾಗುವ ದಾರಿ ಇನ್ನೊಂದಿಲ್ಲ.

ಜಾಗ ಮತ್ತು ಅಳತೆ

ಯಾರೋ ಹಿಂದೆ ಬೆಂಕಿ ಹಾಕಿದ ಗುರುತಿದ್ದರೆ ಅಲ್ಲೇ ಹಾಕಿ, ಹೊಸ ಕರಿ ವೃತ್ತವನ್ನು ಬಿಟ್ಟು ಬರಬೇಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಕಟ್ಟಿಸಿಟ್ಟ ಒಲೆಗಳಿದ್ದರೆ ಅವನ್ನೇ ಬಳಸಬೇಕು. ಒಲೆಯಿಲ್ಲದ ಕಡೆ ಏನು ಮಾಡಬೇಕೆಂಬುದಕ್ಕೆ ವಿಕ್ಟೋರಿಯಾ ರಾಜ್ಯದ ಅರಣ್ಯಗಳ ನಿಯಮ ಎಲ್ಲಿಗೆ ಹೋದರೂ ನೆನಪಿಡಲು ತಕ್ಕದ್ದು: ಕನಿಷ್ಠ 30 ಸೆಂ.ಮೀ. ಆಳದ ಗುಳಿ, ಸುತ್ತಲೂ ಮೇಲೂ 3 ಮೀಟರ್‌ವರೆಗೆ ಒಣಹುಲ್ಲು, ಎಲೆ, ಕೊಂಬೆ ಇರಬಾರದು, ಬೆಂಕಿ ಯಾವ ದಿಕ್ಕಿಗೂ ಒಂದು ಮೀಟರ್ ಮೀರಬಾರದು, ಪಕ್ಕದಲ್ಲಿ ಕನಿಷ್ಠ 10 ಲೀಟರ್ ನೀರು, ಮತ್ತು ಬೆಂಕಿ ಕಣ್ಣಿಗೆ ಕಾಣುವಂತೆ, 50 ಮೀಟರಿನೊಳಗೆ, ಹೊಣೆ ಹೊತ್ತ ಒಬ್ಬರು ಸದಾ ಇರಬೇಕು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ತೆರವು ಮಾಡಬೇಕಾದ ಜಾಗ 4 ಮೀಟರ್.

ಅಲ್ಲಿನ ಸ್ಪಿನಿಫೆಕ್ಸ್ ಹುಲ್ಲಿನಲ್ಲಿ ಅಂಟು ಇರುವುದರಿಂದ ಹಸಿರಾಗಿದ್ದಾಗಲೂ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಒಣಗಿದ ತೊರೆಗಳ ದಡದಲ್ಲಿ ನೆರಳು ಕೊಡುವ ರೆಡ್ ಗಮ್ ನೀಲಗಿರಿಯದೇ ಜಾತಿ. ನಮ್ಮ ನೀಲಗಿರಿ ತೋಪುಗಳ ತರಗೆಲೆ ಹೇಗೆ ಚಟಚಟನೆ ಉರಿಯುತ್ತದೆಂದು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಗಾಳಿಯೇ ಇಲ್ಲದ ದಿನವೂ ಈ ಮರ ಹೆಗ್ಗೊಂಬೆಗಳನ್ನು ಕೆಡವುವುದುಂಟು. ಅದರ ಬುಡದಲ್ಲಿ ಡೇರೆಯೂ ಬೇಡ, ಬೆಂಕಿಯೂ ಬೇಡ. ಹೊಳೆಯ ಕಲ್ಲುಗಳನ್ನು ಬೆಂಕಿಯ ಸುತ್ತ ಜೋಡಿಸುವುದೂ ತಪ್ಪು, ಏಕೆಂದರೆ ಒಳಗೆ ಸೇರಿಕೊಂಡ ನೀರು ಕಾದು ಕಲ್ಲು ಸಿಡಿಯಬಹುದು.

ಯಾವ ಸೌದೆ?

ಹಲವು ಉದ್ಯಾನಗಳ ಒಳಗೆ ಬಿದ್ದ ಪುಳ್ಳೆಯನ್ನೂ ಆರಿಸುವಂತಿಲ್ಲ. ಆದ್ದರಿಂದ ಸೌದೆಯನ್ನು ಹೊರಗೆ ಕೊಂಡು ಅಥವಾ ಅನುಮತಿ ಇರುವಲ್ಲಿ ಆಯ್ದು ತರಬೇಕು. ಇದು ಜಿಪುಣತನವಲ್ಲ. ಮರುಭೂಮಿಯ ಮಲ್ಗಾ ಮರ ಬಹಳ ನಿಧಾನವಾಗಿ ಬೆಳೆಯುತ್ತದೆ. ನೀಲಗಿರಿ ಜಾತಿಯ ದೊಡ್ಡ ಮರಗಳಲ್ಲಿ ಪೊಟರೆ ಮೂಡಲು ನೂರು ವರ್ಷವೇ ಬೇಕಾಗಬಹುದು. ಒಣಗಿ ನಿಂತ ಮರ ನಮಗೆ ಸತ್ತಂತೆ ಕಂಡರೂ ಅದರ ಪೊಟರೆಯಲ್ಲಿ ಬಜರಿಗರ್ ಗಿಳಿಗಳು ಮರಿ ಮಾಡಿರುತ್ತವೆ, ನೆಲಕ್ಕೆ ಬಿದ್ದ ಟೊಳ್ಳು ದಿಮ್ಮಿಯಲ್ಲಿ ಹಲ್ಲಿಗಳಿರುತ್ತವೆ.

ಎರಡು ಸೌದೆಗಳನ್ನು ಮಾತ್ರ ಎಂದೂ ಒಲೆಗೆ ಹಾಕಬಾರದು. ಒಂದು, ಹಳೆಯ ಬೇಲಿಯ ಹಸಿರು ಛಾಯೆಯ ಪೈನ್ ಕಂಬ. ಗೆದ್ದಲು ಹಿಡಿಯದಂತೆ ಹಾಕಿದ ಔಷಧದಲ್ಲಿ ಆರ್ಸೆನಿಕ್ ಇರುವುದರಿಂದ ಅದರ ಹೊಗೆಯೂ ಬೂದಿಯೂ ವಿಷ. ಇನ್ನೊಂದು ನಮಗೆ ಚೆನ್ನಾಗಿ ಪರಿಚಿತವಾದ ಕಣಗಿಲೆ. ಹಳೆಯ ಮನೆಗಳ ಅಂಗಳದಲ್ಲಿ ನೆಟ್ಟ ಈ ಗಿಡ ಅಲ್ಲೂ ಕಾಣಸಿಗುತ್ತದೆ. ಗಿಡವೇ ವಿಷವಾದ್ದರಿಂದ ಅದರ ಕಡ್ಡಿಗೆ ಏನನ್ನಾದರೂ ಚುಚ್ಚಿ ಸುಡುವುದೂ ಅಪಾಯಕಾರಿ.

ಬೆಂಕಿಯ ಸುತ್ತ

ಅಡುಗೆಗೆ ಬೇಕಾದದ್ದು ಉರಿಯಲ್ಲ, ಕೆಂಡ. ‘ಕ್ಯಾಂಪ್ ಅವನ್’ ಎಂಬ ಬೀಡುಕಬ್ಬಿಣದ ಪಾತ್ರೆಯನ್ನು ಒಂದು ಹಿಡಿ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಒಂದಿಷ್ಟು ಕೆಂಡ ಹರಡಿದರೆ ಅಲ್ಲಿನ ಡ್ಯಾಂಪರ್ ರೊಟ್ಟಿ ಹದವಾಗಿ ಬೇಯುತ್ತದೆ. ಬೆಂಕಿ ಚಿಕ್ಕದಾದಷ್ಟೂ ಅಡುಗೆ ಸುಲಭ.

ಇನ್ನೊಬ್ಬರ ಬೆಂಕಿಯ ಬಳಿ ಕೇಳದೆ ಕುಳಿತುಕೊಳ್ಳುವುದಾಗಲಿ, ಅದಕ್ಕೆ ಕೊಳ್ಳಿ ನೂಕುವುದಾಗಲಿ ಸಭ್ಯತೆಯಲ್ಲ. ಕರೆದರೆ ಎರಡು ತುಂಡು ಸೌದೆಯೊಂದಿಗೆ ಹೋಗಬೇಕು. ಬಾಟಲಿ, ಡಬ್ಬಿ, ಪ್ಲಾಸ್ಟಿಕ್ ಬೆಂಕಿಗಲ್ಲ, ಚೀಲಕ್ಕೆ. ನಮ್ಮವರಿಗೆ ಬೆಂಕಿ ಕಂಡೊಡನೆ ಅಂತ್ಯಾಕ್ಷರಿ ನೆನಪಾಗುತ್ತದೆ, ಆದರೆ ಬಯಲಿನ ರಾತ್ರಿಯಲ್ಲಿ ಸದ್ದು ಬಹುದೂರ ಸಾಗುತ್ತದೆ. ಪಕ್ಕದ ಡೇರೆಯವರು ಮೌನಕ್ಕಾಗಿಯೇ ಅಷ್ಟು ದೂರ ಬಂದಿರುತ್ತಾರೆ.

ಆರಿಸುವುದು

ಫ್ಲಿಂಡರ್ಸ್ ಬೆಟ್ಟಸಾಲಿನ ಹತ್ತಿರ ಒಂದು ಬೆಳಿಗ್ಗೆ, ಹಿಂದಿನ ದಿನ ಯಾರೋ ತಂಗಿ ಹೋಗಿದ್ದ ಜಾಗದಲ್ಲಿ ನಾವು ಡೇರೆ ಬಿಚ್ಚುತ್ತಿದ್ದೆವು. ಮರಳನ್ನು ನೀಟಾಗಿ ಸವರಿ ಸಮ ಮಾಡಿದ್ದರು. ಒಂದು ಚೂರು ಕಸವಿರಲಿಲ್ಲ. ಮಗು ಚಪ್ಪಲಿಯಿಲ್ಲದೆ ಅತ್ತ ಓಡುವಷ್ಟರಲ್ಲಿ ಹೆಂಡತಿ ಹಿಡಿದುಕೊಂಡಳು. ನಾನು ಅಂಗೈಯ ಹಿಂಭಾಗವನ್ನು ಮರಳಿನ ಮೇಲೆ ಒಡ್ಡಿದೆ: ಬಿಸಿ ಹೊಡೆಯುತ್ತಿತ್ತು. ಸಲಿಕೆಯಿಂದ ನಾಲ್ಕು ಬೆರಳಷ್ಟು ಕೆದಕಿದಾಗ ಕೆಂಪು ಕಣ್ಣು ತೆರೆಯಿತು. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತನ್ನು ಅಲ್ಲಿಯವರೆಗೆ ಮನುಷ್ಯರ ಬಗ್ಗೆ ಮಾತ್ರ ಕೇಳಿದ್ದೆ.

ಮರಳು ಮುಚ್ಚಿದವರು ಕೆಟ್ಟವರಲ್ಲ, ನೀರು ಉಳಿಸಿದವರು. ಆದರೆ ಮರಳು ಬೆಂಕಿಯನ್ನು ಆರಿಸುವುದಿಲ್ಲ, ಶಾಖವನ್ನು ಕಾಪಿಡುತ್ತದೆ. ಎಂಟು ಗಂಟೆ ಕಳೆದ ಮೇಲೂ ಕೆಳಗಿನ ಕೆಂಡ ಚರ್ಮ ಸುಡಬಲ್ಲದು. ಅದಕ್ಕೇ ಬೆಂಕಿಯ ಪಾಲಿನ ನೀರನ್ನು ಕುಡಿಯುವ ನೀರಿನಿಂದ ಬೇರೆಯಾಗಿ, ಗುರುತು ಹಾಕಿದ ಕ್ಯಾನಿನಲ್ಲಿ ಒಯ್ಯಬೇಕು. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟರೆ ಅದೂ ಆದೀತು. ಅಷ್ಟು ನೀರು ಇಲ್ಲವೆಂದಾದರೆ ಆ ರಾತ್ರಿ ಗ್ಯಾಸ್ ಒಲೆ, ಮೇಲೊಂದು ಕಂಬಳಿ.

ಮಲಗುವುದಕ್ಕೆ ಅರ್ಧ ಗಂಟೆ ಮುಂಚೆಯೇ ಸೌದೆ ಹಾಕುವುದನ್ನು ನಿಲ್ಲಿಸಿ. ಕೊಳ್ಳಿಗಳನ್ನು ಬಿಡಿಸಿ ಕೆಂಡವನ್ನು ಗುಳಿಯೊಳಗೇ ಹರಡಿ, ಗಾಳಿ ಬರುವ ಕಡೆಗೆ ಬೆನ್ನು ಹಾಕಿ ನಿಂತು ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಒಮ್ಮೆಲೇ ಸುರಿದರೆ ಏಳುವ ಹಬೆ ಮುಖ ಸುಡುತ್ತದೆ. ಸಲಿಕೆಯಿಂದ ಮಗುಚಿ, ಮತ್ತೆ ನೀರು ಹಾಕಿ, ಚುಂಯ್ ಎನ್ನುವ ಸದ್ದು ನಿಲ್ಲುವವರೆಗೂ ಇದನ್ನೇ ಮಾಡಬೇಕು. ಯಾರಿಗಾದರೂ ಸುಟ್ಟರೆ 20 ನಿಮಿಷ ತಣ್ಣೀರು ಹರಿಯಬಿಡಬೇಕು. ತುರ್ತು ಸಂಖ್ಯೆ 000, ಸಿಗ್ನಲ್ ಇಲ್ಲದ ಕಡೆ ಸ್ಯಾಟಲೈಟ್ ಫೋನ್ ಬೇಕಾದೀತು.

ಬೆಳಿಗ್ಗೆ ಹೊರಡುವ ಮುನ್ನ ಗುಳಿಯ ಅಂಚನ್ನೂ ಕೆದಕಿ ನೋಡಿ, ಏಕೆಂದರೆ ಬೇರಿಗೆ ಹತ್ತಿದ ಬೆಂಕಿ ನೆಲದೊಳಗೇ ತೆವಳುತ್ತದೆ. ಮೊದಲು ಕೈಯನ್ನು ಮೇಲೆ ಒಡ್ಡಿ, ಆಮೇಲೆ ಮುಟ್ಟಿ. ಮುಟ್ಟಲಾಗದಷ್ಟು ಬಿಸಿಯಿದ್ದರೆ ಕಾರು ಹತ್ತುವಂತಿಲ್ಲ. ಇನ್ನೊಂದು ಬಕೆಟ್ ತನ್ನಿ.