ನನ್ನ ಲಿವಿಂಗ್ ವಿಲ್ ನಾನೇ ಬರೆದೆ

ಲಿವಿಂಗ್ ವಿಲ್ ಅಂದರೆ, ಮುಂದೆ ನಮಗೆ ಹೇಳಲು ಆಗದಂಥ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಈಗಲೇ ಬರೆದಿಡುವ ಪತ್ರ. ಅದನ್ನು ಬರೆಯಲು ಕೋರ್ಟಿಗೆ ಅಲೆಯಬೇಕು ಅಂತ ನಮ್ಮ ಕಾಸರಗೋಡಿನ ಕಡೆ ಇನ್ನೂ ತುಂಬ ಜನ ತಿಳಿದಿದ್ದಾರೆ. ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿದಾಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ನಾನೂ ಸುಮ್ಮನಿದ್ದೆ. 2023ರ ಜನವರಿಯಲ್ಲಿ ಅದು ಸಡಿಲವಾಯಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಣ ಮಾಡಿಸಿದರೆ ಆಯಿತು.

ಬರೆಯುವುದೇ ಕಷ್ಟ. "ಯಂತ್ರ ಹಾಕಿ ಬದುಕಿಸಬೇಡಿ" ಅಂತ ಬರೆದು ಪರಿಚಯದ ಡಾಕ್ಟರಿಗೆ ತೋರಿಸಿದೆ. "ಮಾಷ್ಟ್ರೇ, ನ್ಯುಮೋನಿಯಾಕ್ಕೆ ಕೆಲವು ದಿನ ವೆಂಟಿಲೇಟರ್ ಹಾಕಿಸಿಕೊಂಡು ನಡೆದುಕೊಂಡೇ ಮನೆಗೆ ಹೋದವರಿದ್ದಾರೆ. ನಿಮಗೆ ಅದೂ ಬೇಡವಾ?" ಅಂದರು. ಬೇಕು! ಆಮೇಲೆ ಬಿಡಿಸಿ ಬರೆದೆ: ಗುಣವಾಗುವ ಆಸೆಯೇ ಇಲ್ಲ ಅಂತ ಡಾಕ್ಟರುಗಳು ಹೇಳಿದ ಮೇಲೆ ವೆಂಟಿಲೇಟರ್ ಬೇಡ, ಹೃದಯ ನಿಂತರೆ ಎದೆ ಒತ್ತುವುದು ಬೇಡ, ಆಹಾರ ಕೊಡುವ ಮೂಗಿನ ಪೈಪೂ ಬೇಡ, ಆದರೆ ನೋವಿಗೆ ಮದ್ದು ಕೊನೆಯವರೆಗೂ ಕೊಡಬೇಕು, ಮಾರ್ಫಿನ್ ಆದರೂ ಸರಿ.

ಇದು ಆತ್ಮಹತ್ಯೆ ಅಲ್ವಾ ಅಂತ ಭಾವ ಕೇಳಿದರು. ಅಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಅಪರಾಧ, ಅದನ್ನು ನಾನು ಕೇಳಿಯೂ ಇಲ್ಲ. ಹಳದೀಪುರದ ನರ್ಸ್ ಅರುಣಾ ಶಾನಭಾಗ್ ನೆನಪಿದೆಯಾ? 1973ರಲ್ಲಿ ಹಲ್ಲೆಯಾಗಿ ಮಿದುಳಿಗೆ ಪೆಟ್ಟಾದ ಮೇಲೆ 2015ರವರೆಗೂ ಮುಂಬೈಯ ಆಸ್ಪತ್ರೆಯಲ್ಲೇ ಮಲಗಿದ್ದರು. ಅವರನ್ನು ಸಾಯಲು ಬಿಡಿ ಅಂತ ಒಬ್ಬ ಲೇಖಕಿ ಕೋರ್ಟಿಗೆ ಹೋದರು, ಬದುಕಲಿ ಅಂತ ಅಷ್ಟು ವರ್ಷ ನೋಡಿಕೊಂಡ ನರ್ಸುಗಳು ಹಟ ಹಿಡಿದರು. ಇಬ್ಬರದೂ ಪ್ರೀತಿಯೇ. ಆದರೆ ಅರುಣಾಗೆ ಏನು ಬೇಕಿತ್ತು ಅಂತ ಹೇಳಲು ಅವರಿಗೆ ಬಾಯಿರಲಿಲ್ಲ. ನನಗೆ ಈಗ ಇದೆ, ಹಾಗಾಗಿ ಬರೆದಿಟ್ಟೆ.

ನನಗೆ ಮಾತಾಡಲು ಆಗದಾಗ ನನ್ನ ಪರವಾಗಿ ಮಾತಾಡುವವರು ಯಾರು ಅನ್ನುವಲ್ಲಿ ಮನೆಯಲ್ಲಿ ಜಗಳವೇ ಆಯಿತು. "ಊರವರು ಏನು ಹೇಳಿಯಾರು ಅಪ್ಪಾ" ಅಂದ ಮಗ. ಅವನ ಹೆಸರು ಹಾಕಲಿಲ್ಲ. ಪಾಪ, ಆ ಹೊತ್ತಿಗೆ ಅವನಿಂದ ಆಗದು. ಒಬ್ಬರಿಗಿಂತ ಜಾಸ್ತಿ ಜನರನ್ನು ಹೆಸರಿಸಬಹುದು, ಮಗಳನ್ನೂ ಹಳೇ ಸಹೋದ್ಯೋಗಿಯನ್ನೂ ಹೆಸರಿಸಿದೆ. ಅವರು ಹೇಳಿದ ಕೂಡಲೇ ಯಾರೂ ಪೈಪ್ ಕೀಳುವುದಿಲ್ಲ, ಆಸ್ಪತ್ರೆಯಲ್ಲಿ ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಗಡಿಯವರಿಗೆ ಇನ್ನೊಂದು ತಾಪತ್ರಯ. ಇರುವುದು ಕೇರಳದಲ್ಲಿ, ಜೋರಾದರೆ ಆಂಬುಲೆನ್ಸ್ ತಲಪಾಡಿ ದಾಟಿ ಮಂಗಳೂರಿಗೆ. ಕಾನೂನೇನೋ ಎರಡೂ ಕಡೆ ಒಂದೇ, ಆದರೆ ಓದುವ ಡಾಕ್ಟರ್ ಯಾವ ಭಾಷೆಯವರೋ! ಕನ್ನಡದ ಜೊತೆ ಇಂಗ್ಲಿಷ್ ಪ್ರತಿಯನ್ನೂ ಮಾಡಿಸಿದೆ. ಸ್ಥಳೀಯಾಡಳಿತಕ್ಕೂ ಒಂದು ಪ್ರತಿ ಕೊಡಬೇಕು. ಕಚೇರಿಯಲ್ಲಿ ನನ್ನನ್ನು ಮರಣ ನೋಂದಣಿಯ ಕೌಂಟರಿಗೆ ಕಳಿಸಿದರು. ಕೊನೆಗೆ ಸೀಲು ಹಾಕಿಸಿಕೊಂಡೇ ಬಂದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು, ಮಗನಿಗೆ ಸದ್ಯಕ್ಕೆ ಅಷ್ಟು ಹೇಳಿದ್ದೇನೆ.