ಲಾರಿ ಡೀಸೆಲ್ ಪಂಪ್: ಬಿಚ್ಚುವ ಮೊದಲು ಏನು ನೋಡಬೇಕು, ಬಿಚ್ಚಿದ ಮೇಲೆ ಹೇಗೆ ಕೂರಿಸಬೇಕು

ಕೋಲಾರದಲ್ಲಿ ಟೊಮ್ಯಾಟೊ ಸೀಸನ್ ಜೋರಾದರೆ ಯಾವ ಲಾರಿಗೂ ನಿಲ್ಲಲು ಪುರುಸೊತ್ತಿರುವುದಿಲ್ಲ. ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್‌ಗಳು ಲೋಡ್ ಆಗಿರುತ್ತವೆ, ಬೆಳಗಾಗುವಷ್ಟರಲ್ಲಿ ಚೆನ್ನೈ ಸೇರಬೇಕು. ಅಂಥ ಹೊತ್ತಿನಲ್ಲಿ ಗಾಡಿ ಎಳೆಯದಿದ್ದರೆ ಡ್ರೈವರ್ ನಮ್ಮ ಶೆಡ್ಡಿಗೆ ಬಂದು ಹೇಳುವುದು ಒಂದೇ ಮಾತು: "ಅಣ್ಣಾ, ಪಂಪ್ ಹೋಯ್ತು." ಆದರೆ ಹಾಗೆ ಬರುವ ಗಾಡಿಗಳಲ್ಲಿ ಜಾಸ್ತಿ ಗಾಡಿಗಳ ಪಂಪ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಟ್ಯಾಂಕಿಗೂ ಪಂಪಿಗೂ ನಡುವೆ. ಅದನ್ನು ನೋಡದೆ ಪಂಪ್ ಇಳಿಸಿದರೆ ಓನರ್ ದುಡ್ಡೂ ಹೋಗುತ್ತದೆ, ತೊಂದರೆಯೂ ಹಾಗೇ ಉಳಿಯುತ್ತದೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೇಳುವುದು ಹಳೆಯ ಇನ್‌ಲೈನ್ ಪಂಪಿನ ವಿಷಯ. ಟಾಟಾ 697, ಲೇಲ್ಯಾಂಡ್ ಹಿನೋ ಇಂಜಿನ್‌ಗಳ ಪಕ್ಕದಲ್ಲಿ ಉದ್ದಕ್ಕೆ ಕೂತು, ಮೇಲಿಂದ ಸಿಲಿಂಡರಿಗೊಂದರಂತೆ ಆರು ಪೈಪ್ ಹೊರಟಿರುತ್ತವಲ್ಲ, ಅದು. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಈಗಲೂ ಅದು ಮೈಕೋ ಪಂಪೇ. ನಿಮ್ಮದು ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಸೇರಿ ಒಂದೇ ದಪ್ಪ ಪೈಪಿನಲ್ಲಿ ಡೀಸೆಲ್ ಒತ್ತಿಟ್ಟಿರುವ ಹೊಸ ಬಗೆಯ) ಗಾಡಿಯಾದರೆ ದಯವಿಟ್ಟು ಈ ಕೆಲಸಗಳನ್ನು ಅದರ ಮೇಲೆ ಮಾಡಬೇಡಿ. ಅದರ ರೈಲಿನಲ್ಲಿ 1000 ಬಾರ್‌ಗಿಂತ ಜಾಸ್ತಿ ಪ್ರೆಷರ್ ಇರುತ್ತದೆ. ಇಂಜಿನ್ ಓಡುವಾಗ ಪೈಪ್ ನಟ್ ಸಡಿಲಿಸಿದರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಬೆರಳೇ ತೆಗೆಸಬೇಕಾಗಿ ಬರಬಹುದು.

ಮೊದಲು ಟ್ಯಾಂಕ್ ಮುಚ್ಚಳ ತೆಗೆದು ಗಾಡಿ ಓಡಿಸಿ ನೋಡಿ. ಮುಚ್ಚಳದ ಗಾಳಿ ತೂತು ಮಣ್ಣು ಕಟ್ಟಿಕೊಂಡಿದ್ದರೆ ಟ್ಯಾಂಕಿನೊಳಗೆ ವ್ಯಾಕ್ಯೂಮ್ ಆಗಿ ಡೀಸೆಲ್ ಬರುವುದಿಲ್ಲ. ಕ್ವಾರಿ ಕೆಲಸದ ಟಿಪ್ಪರ್‌ಗಳಲ್ಲಿ ಇದು ಮಾಮೂಲು. ಆಮೇಲೆ ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ಸ್ವಲ್ಪ ಹೊತ್ತು ಬಿಡಿ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರು ಕಂಡರೆ ಟ್ಯಾಂಕ್ ತೊಳೆಯದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಫೀಡ್ ಪಂಪಿನ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ.

ನನಗೆ ತುಂಬಾ ನಂಬಿಕೆಯಿರುವುದು ಕ್ಯಾನ್ ಟೆಸ್ಟ್ ಮೇಲೆ. ಫೀಡ್ ಪಂಪಿಗೆ ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ. ಅದರ ಜಾಗಕ್ಕೆ ಸ್ವಚ್ಛವಾದ ಒಂದು ತುಂಡು ಹೋಸ್ ಹಾಕಿ, ಇನ್ನೊಂದು ತುದಿಯನ್ನು ಒಳ್ಳೆ ಡೀಸೆಲ್ ತುಂಬಿದ ಕ್ಯಾನಿನಲ್ಲಿ ಮುಳುಗಿಸಿ. ಕ್ಯಾನನ್ನು ಫೀಡ್ ಪಂಪಿಗಿಂತ ಮೇಲೆ ಇಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ, ರೇಸ್ ಕೊಡಿ. ಗಾಡಿ ಸರಿಯಾಗಿ ಓಡಿದರೆ ಪಂಪಿನ ತಪ್ಪೇನೂ ಇಲ್ಲ. ಹೋಸ್ ಸೀಳಿರಬಹುದು, ತಾಮ್ರದ ವಾಷರ್ ಹಳೆಯದಾಗಿ ಏರ್ ಎಳೆಯುತ್ತಿರಬಹುದು. ಟ್ಯಾಂಕ್ ಕಡೆಯ ಲೈನಿಗೆ ಒಂದು ತುಂಡು ಟ್ರಾನ್ಸ್‌ಪರೆಂಟ್ ಹೋಸ್ ಸೇರಿಸಿ ಓಡಿಸಿದರೆ ಗುಳ್ಳೆಗಳು ಓಡುವುದು ಕಣ್ಣಿಗೇ ಕಾಣುತ್ತದೆ.

ಏರ್ ಫಿಲ್ಟರ್ ಕಟ್ಟಿದ್ದರೂ ಕಪ್ಪು ಹೊಗೆ ಬರುತ್ತದೆ, ಪಿಕಪ್ ಹೋಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಪಂಪಿನ ಲಿವರ್ ಕೊನೆಯವರೆಗೂ ಬರುತ್ತದಾ ನೋಡಿ. ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗದೆ ಅರ್ಧಕ್ಕೆ ನಿಂತಿದ್ದರೂ ಗಾಡಿ ಸೋತಂತೆಯೇ ಓಡುತ್ತದೆ. ಇದ್ದಕ್ಕಿದ್ದಂತೆ ಶಕ್ತಿ ಕಡಿಮೆಯಾಗಿ ಶಬ್ದವೂ ಬದಲಾಗಿದ್ದರೆ ಪಂಪನ್ನು ಇಂಜಿನಿಗೆ ಜೋಡಿಸುವ ಕಪ್ಲಿಂಗ್ ನೋಡಿ. ಬೋಲ್ಟ್ ಸಡಿಲವಾಗಿ ಟೈಮಿಂಗ್, ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುವ ಹೊತ್ತು, ಜರುಗಿರುತ್ತದೆ.

ಗಾಡಿ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ, ಐಡ್ಲಿಂಗ್‌ನಲ್ಲಿಟ್ಟು ಒಂದೊಂದೇ ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ ಸಡಿಲಿಸಿ. ಮೇಲೆ ಬಟ್ಟೆ ಹಾಕಿ, ಕೈ ಅಡ್ಡ ಇಡಬೇಡಿ. ಸಡಿಲಿಸಿದ ಕೂಡಲೇ ಇಂಜಿನ್ ಶಬ್ದ ಇಳಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಇಳಿಯದಿದ್ದರೆ ಆ ನಾಝಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ಮಿಸ್ಸಿಂಗ್ ನಾಝಲ್ ಜೊತೆಗೇ ಹೋದರೆ ನಾಝಲ್ ಕೆಟ್ಟಿದೆ. ಅಲ್ಲೇ ಉಳಿದರೆ ಕಂಪ್ರೆಷನ್ ಚೆಕ್ ಮಾಡಿ. ಅದೂ ಸರಿಯಿದ್ದರೆ ಆಗ ಪಂಪಿನ ಎಲಿಮೆಂಟ್ (ಡೀಸೆಲ್ ಒತ್ತುವ ಪ್ಲಂಜರ್ ಎಂಬ ಕಡ್ಡಿ, ಅದು ಓಡಾಡುವ ಬ್ಯಾರಲ್ ಎಂಬ ಕೊಳವೆ, ಇವೆರಡರ ಜೋಡಿ) ಅಥವಾ ಅದರ ಮೇಲಿನ ಡೆಲಿವರಿ ವಾಲ್ವ್ ಮೇಲೆ ಅನುಮಾನ ಪಡಿ.

ಪಂಪೇ ಸವೆದಿದ್ದರೆ ಕೆಲವು ಗುರುತುಗಳಿರುತ್ತವೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ ಗಾಡಿ, ಮೊಗಿಲಿ ಘಾಟ್ ಹತ್ತಿ ಬಂದು ಪಲಮನೇರಿನಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಬಿಸಿಗೆ ಡೀಸೆಲ್ ತೆಳುವಾಗಿ, ಸವೆದ ಎಲಿಮೆಂಟಿನ ಪಕ್ಕದಿಂದಲೇ ಸೋರಿಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಸ್ಟಾರ್ಟ್ ಆದರೆ ಅನುಮಾನ ಗಟ್ಟಿಯಾಯಿತು. ತಣ್ಣೀರು ಮಾತ್ರ ಸುರಿಯಬೇಡಿ, ಒಳಗೆ ಜಾಮ್ ಆಗಬಹುದು. ಇನ್ನೊಂದು ಗುರುತು ಇಂಜಿನ್ ಆಯಿಲ್. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರುತ್ತಾ ಹೋಗಿ ಡೀಸೆಲ್ ವಾಸನೆ ಹೊಡೆದರೆ, ಪಂಪಿನಿಂದಲೋ ಫೀಡ್ ಪಂಪಿನಿಂದಲೋ ಡೀಸೆಲ್ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ ಇಳಿಯುತ್ತಿದೆ. ಆ ಗಾಡಿಯನ್ನು ಒಂದು ಟ್ರಿಪ್ಪಿಗೂ ಕಳಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ.

ಇಳಿಸುವುದೇ ಅಂತಾದರೆ ಬಿಚ್ಚುವ ಮೊದಲು ಪಂಪ್ ಸುತ್ತ ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಬ್ಯಾಟರಿ ವೈರ್ ತೆಗೆಯಿರಿ. ಒಂದನೇ ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿಗೆ ತನ್ನಿ. ಫ್ಲೈವೀಲ್ ಗುರುತೊಂದನ್ನೇ ನಂಬಬೇಡಿ. ಪಂಪ್ ಒಂದು ಸುತ್ತು ತಿರುಗುವಷ್ಟರಲ್ಲಿ ಇಂಜಿನ್ ಎರಡು ಸುತ್ತು ತಿರುಗಿರುತ್ತದೆ, ಹಾಗಾಗಿ ಗುರುತು ಎರಡು ಸಲ ಬರುತ್ತದೆ. ಟ್ಯಾಪೆಟ್ ಕವರ್ ತೆಗೆದು ನೋಡಿ. ಆರನೇ ಸಿಲಿಂಡರಿನಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಿದ್ದರೆ ಒಂದನೆಯದು ಕಂಪ್ರೆಷನ್‌ನಲ್ಲಿದೆ. ಪೈಪ್ ಬಿಚ್ಚಿದ ಕೂಡಲೇ ಪ್ರತಿ ಬಾಯಿಗೂ ಕ್ಯಾಪ್ ಹಾಕಿ. ವೇಸ್ಟ್ ಬಟ್ಟೆ ತುರುಕಬೇಡಿ, ಅದರ ನೂಲು ಒಳಗೆ ಸೇರುತ್ತದೆ.

ಪಂಪಿನ ಒಳಗಿನ ಕೆಲಸ, ಪಂಪ್ ಓಡಿಸಿ ಅಳೆಯುವ ಟೆಸ್ಟ್ ಬೆಂಚ್ ಇರುವವರದು. ಪ್ಲಂಜರಿಗೂ ಬ್ಯಾರಲ್‌ಗೂ ನಡುವಿನ ಸಂದು 2–3 ಮೈಕ್ರಾನ್ ಅಷ್ಟೇ. ನಮ್ಮ ತಲೆಕೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಆದರೂ ಬೆಂಚಿನ ಹತ್ತಿರ ನಿಂತು ನೋಡಿ, ಹಳೆ ಎಲಿಮೆಂಟ್ ಕೇಳಿ ತೆಗೆದುಕೊಳ್ಳಿ. ಪ್ಲಂಜರನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಳ್ಳೆಯದರಲ್ಲಿ ತಲೆಯವರೆಗೂ ಒಂದೇ ಹೊಳಪು ಇರುತ್ತದೆ. ಸವೆದದ್ದರಲ್ಲಿ ಓರೆಯಾಗಿ ಕೊರೆದ ಅಂಚಿನ ಪಕ್ಕದಲ್ಲಿ ಬೂದು ಬಣ್ಣದ ಮಂಕು ತೇಪೆ ಕಾಣುತ್ತದೆ, ಉದ್ದಕ್ಕೆ ಸಣ್ಣ ಗೀರುಗಳಿರುತ್ತವೆ. ನೀರು ಸೇರಿದ್ದರೆ ತುಕ್ಕಿನ ಚುಕ್ಕೆಗಳು. ಹೊಸ ಎಲಿಮೆಂಟನ್ನು ಡೀಸೆಲ್‌ನಲ್ಲಿ ಅದ್ದಿ, ನೆಟ್ಟಗೆ ಹಿಡಿದು, ಪ್ಲಂಜರ್ ಸ್ವಲ್ಪ ಹೊರಗೆಳೆದು ಬಿಟ್ಟರೆ ತನ್ನ ತೂಕಕ್ಕೇ ಮೆಲ್ಲಗೆ ಜಾರಿ ಇಳಿಯಬೇಕು. ಒಂದರ ಪ್ಲಂಜರ್ ಇನ್ನೊಂದರ ಬ್ಯಾರಲ್‌ಗೆ ಯಾವತ್ತೂ ಹೋಗಬಾರದು. ಬೆಂಚಿನ ಮೇಲೆ ಆರು ಗಾಜಿನ ಟ್ಯೂಬುಗಳಲ್ಲೂ ಡೀಸೆಲ್ ಒಂದೇ ಮಟ್ಟಕ್ಕೆ ಬಂದದ್ದನ್ನು ಕಣ್ಣಾರೆ ನೋಡಿ. ಇಂಜಿನ್ ಸ್ಪೀಡ್ ಮಿತಿ ಮೀರದಂತೆ ತಡೆಯುವ ಗವರ್ನರಿಗೆ ಸೀಲ್ ಹಾಕಿಸಿಕೊಂಡೇ ಮನೆಗೆ ತನ್ನಿ. "ಪಿಕಪ್ ಸ್ವಲ್ಪ ಜಾಸ್ತಿ ಮಾಡಿಕೊಡಿ" ಅಂತ ಕೇಳಬೇಡಿ. ಕಪ್ಪು ಹೊಗೆ, ಡೀಸೆಲ್ ಖರ್ಚು, ಕೊನೆಗೆ ಪಿಸ್ಟನ್, ಎಲ್ಲಕ್ಕೂ ಓನರೇ ದುಡ್ಡು ಕೊಡಬೇಕು.

ಕೂರಿಸುವಾಗ ಟೈಮಿಂಗ್ ಮುಖ್ಯ. ಪಂಪಿನ ಒಂದನೇ ಪೈಪ್ ಕೂರುವ ಡೆಲಿವರಿ ಹೋಲ್ಡರ್ ಬಿಚ್ಚಿ, ಒಳಗಿನ ವಾಲ್ವ್, ಸ್ಪ್ರಿಂಗ್ ತೆಗೆದು ಶುದ್ಧ ಡೀಸೆಲ್‌ನಲ್ಲಿ ಇಡಿ. ಹೋಲ್ಡರ್ ವಾಪಸ್ ಹಾಕಿ ಮೇಲೆ ಬಾಗಿದ ಸಣ್ಣ ಪೈಪ್ ಕೂರಿಸಿ. ಲಿವರ್ ಫುಲ್ ರೇಸ್‌ನಲ್ಲಿ ಕಟ್ಟಿ. ಒಬ್ಬರು ಫೀಡ್ ಪಂಪಿನ ಹ್ಯಾಂಡ್ ಪಂಪ್ ಒತ್ತುತ್ತಿರಲಿ, ಇನ್ನೊಬ್ಬರು ಇಂಜಿನನ್ನು ಅದು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಲಿ. ಪೈಪಿನಿಂದ ಧಾರೆಯಾಗಿ ಬರುವ ಡೀಸೆಲ್ ಸಣ್ಣಗಾಗುತ್ತದೆ, ಹನಿಯಾಗುತ್ತದೆ, ನಿಲ್ಲುತ್ತದೆ. ಹನಿ ನಿಲ್ಲುವ ಆ ಜಾಗದಲ್ಲಿ ಫ್ಲೈವೀಲ್ ಮೇಲೆ ನಿಮ್ಮ ಇಂಜಿನಿಗೆ ಕಂಪನಿ ಕೊಟ್ಟ ಡಿಗ್ರಿ ಬರಬೇಕು. ಬರದಿದ್ದರೆ ಕಪ್ಲಿಂಗ್ ಬೋಲ್ಟ್ ಸಡಿಲಿಸಿ ಸರಿಮಾಡಿ. ಪಂಪ್ ನೇರವಾಗಿ ಇಂಜಿನ್ ಮುಖಕ್ಕೇ ಬೋಲ್ಟ್ ಆಗಿರುವ ಫ್ಲಾಂಜ್ ಮೌಂಟಿಂಗ್ ಆದರೆ ಪಂಪಿನ ಬಾಡಿಯನ್ನೇ ತಿರುಗಿಸಬೇಕು. ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಟೈಮಿಂಗ್ ಮುಂದಕ್ಕೆ ಬರುತ್ತದೆ. ಪ್ರತಿ ಸಲವೂ ಇಂಜಿನನ್ನು ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ತಿರುಗಿಸಿಯೇ ನೋಡಿ. ಇಲ್ಲದಿದ್ದರೆ ಗೇರುಗಳ ಸಡಿಲ ಸೇರಿ ಲೆಕ್ಕ ತಪ್ಪುತ್ತದೆ. ವಾಲ್ವ್ ವಾಪಸ್ ಹಾಕಿ, ಹೋಲ್ಡರನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಬ್ಯಾರಲ್ ಹಿಡಿದುಕೊಳ್ಳುತ್ತದೆ.

ಪಂಪಿನ ಕ್ಯಾಮ್ ಶಾಫ್ಟ್ ಭಾಗಕ್ಕೆ ಇಂಜಿನ್ ಆಯಿಲ್ ಹಾಕಿದ್ದೀರಾ ನೋಡಿ. ಬೆಂಚಿನಿಂದ ಬಂದ ಪಂಪ್ ಒಣಗಿರುತ್ತದೆ. ತಾಮ್ರದ ವಾಷರ್ ಎಲ್ಲ ಹೊಸದು ಹಾಕಿ. ಮೊದಲು ಫಿಲ್ಟರ್, ಆಮೇಲೆ ಪಂಪ್, ಹೀಗೆ ಏರ್ ತೆಗೆಯಿರಿ. ಕೊನೆಗೆ ನಾಝಲ್ ಹತ್ತಿರ ನಟ್ ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಬಂದ ಮೇಲೆ ಬಿಗಿ ಮಾಡಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಹುಡುಗನೊಬ್ಬನನ್ನು ಸ್ಟಾಪ್ ಲಿವರ್ ಹತ್ತಿರ ನಿಲ್ಲಿಸಿ. ಏರ್ ಕ್ಲೀನರ್ ಪೈಪ್ ತೆಗೆದಿಟ್ಟು, ಗಾಳಿ ಹೋಗುವ ಬಾಯಿ ಪೂರ್ತಿ ಮುಚ್ಚುವಂಥ ಹಲಗೆಯೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಒಳಗೆ ರ‍್ಯಾಕ್ (ಡೀಸೆಲ್ ಅಳತೆ ಹೆಚ್ಚು ಕಡಿಮೆ ಮಾಡುವ ಪಂಪಿನೊಳಗಿನ ಸರಳು) ಹಿಡಿದುಕೊಂಡರೆ ಇಂಜಿನ್ ತಾನಾಗೇ ರೇಸ್ ಏರುತ್ತಾ ಹೋಗುತ್ತದೆ. ಆಗ ಕೀ ತೆಗೆದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಿಯೇ ನಿಲ್ಲಿಸಬೇಕು.

ಐಡ್ಲಿಂಗ್ ಸರಿಯಾಗಿ ಕೂತರೆ ಲೋಡ್ ಹಾಕಿಯೇ ಮುಳಬಾಗಿಲಿನ ತನಕ ಓಡಿಸಿ ಬನ್ನಿ. ವಾಪಸ್ ಬಂದ ಮೇಲೆ ಇಂಜಿನ್ ಆಫ್ ಮಾಡಿ, ಪೈಪ್ ನಟ್‌ಗಳ ಕೆಳಗೆ ಬಿಳಿ ಕಾಗದ ಹಿಡಿದು ಒದ್ದೆ ಇದೆಯಾ ನೋಡಿ. ಮೌಂಟಿಂಗ್ ಬೋಲ್ಟ್, ಕಪ್ಲಿಂಗ್ ಬೋಲ್ಟ್ ಇನ್ನೊಂದು ಸಲ ಬಿಗಿ ನೋಡಿ, ಡಿಪ್‌ಸ್ಟಿಕ್ ಮಟ್ಟ ಬರೆದಿಟ್ಟು ಡ್ರೈವರ್ ಕೈಗೆ ಕೊಡಿ. ಮುಂದಿನ ಟ್ರಿಪ್ ಮುಗಿಸಿ ಬಂದಾಗ ಆ ಮಟ್ಟಕ್ಕಿಂತ ಆಯಿಲ್ ಏರಿದ್ದರೆ ಗಾಡಿಯನ್ನು ಮತ್ತೆ ಶೆಡ್ಡಿಗೇ ತರಲಿ.