ಮ್ಯೂನಿಕ್‌ನಿಂದ ತ್ರಿಯೆಸ್ತೆಗೆ, ಘಾಟಿ ರಸ್ತೆಯಲ್ಲೇ

ಅಪ್ಪ ಅಮ್ಮ ಹಾಸನದಿಂದ ಮ್ಯೂನಿಕ್‌ಗೆ ಬರುವುದು ಖಾತ್ರಿಯಾದ ದಿನವೇ ಊರುಗಳ ಪಟ್ಟಿ ಬರೆಯಲು ಕೂತೆ. ಜ್ಯೂರಿಕ್, ಮಿಲಾನ್, ವೆನಿಸ್, ವಿಯೆನ್ನಾ, ಬುಡಾಪೆಸ್ಟ್, ಪ್ರಾಗ್. ಎಲ್ಲ ಒಂಬತ್ತು ದಿನಕ್ಕೆ. ಫೋನಿನಲ್ಲಿ ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಇದ್ರಲ್ಲಿ ಘಾಟಿ ಎಲ್ಲಮ್ಮ ಬರುತ್ತೆ?" ಅವರು ಇಪ್ಪತ್ತೆಂಟು ವರ್ಷ ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರು. ಅವತ್ತು ರಾತ್ರಿಯೇ ಆ ಪಟ್ಟಿ ಹರಿದುಹಾಕಿ, ಮೊದಲು ರಸ್ತೆಗಳನ್ನು ಆರಿಸಿಕೊಂಡೆ. ಊರುಗಳು ಆಮೇಲೆ ಬಂದವು.

ಆಲ್ಪ್ಸ್ ದಾಟಲು ಹೆದ್ದಾರಿಯ ಸುರಂಗಗಳಿವೆ, ಹಳೆಯ ಘಾಟಿಗಳೂ ಇವೆ. ನಾನು ಘಾಟಿ ಹಿಡಿದೆ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ, ಅಲ್ಲಿಂದ ಸ್ಲೊವೇನಿಯಾದ ವ್ರ್ಶಿಚ್ ಘಾಟಿ, ಸೋಚಾ ನದಿಯ ಕಣಿವೆ, ಇಟಲಿಯ ತ್ರಿಯೆಸ್ತೆ, ಅಲ್ಲಿಂದ ಡೊಲೊಮೈಟ್ಸ್ ಬೆಟ್ಟಗಳ ಮೂಲಕ ವಾಪಸು. ಎರಡೂ ಘಾಟಿ ಚಳಿಗಾಲದಲ್ಲಿ ಹಿಮದಿಂದ ಮುಚ್ಚುತ್ತವೆ, ಹಾಗಾಗಿ ಸೆಪ್ಟೆಂಬರ್ ಆರಿಸಿದೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸ್ಟಿಯರಿಂಗ್ ಹಿಡಿಯುವುದಿಲ್ಲ, ಎರಡು ಕಡೆಯಾದರೂ ಎರಡೆರಡು ರಾತ್ರಿ ಉಳಿಯಬೇಕು ಎಂದುಕೊಂಡೆ. ಮ್ಯಾಪ್ ತೋರಿಸುವ ಹೊತ್ತಿಗೆ ಅದರ ಅರ್ಧ ಸೇರಿಸಿ ಲೆಕ್ಕ ಹಾಕಿದೆ. ಅಮ್ಮನ ಮಂಡಿನೋವಿಗೆ ಗಂಟೆಗೊಮ್ಮೆ ಇಳಿದು ನಡೆಯಲೇಬೇಕಿತ್ತು.

ಕಾಗದಪತ್ರದ ಕೆಲಸ ದೊಡ್ಡದೇನಲ್ಲ, ಆದರೆ ತಪ್ಪಿದರೆ ದುಬಾರಿ. ಒಂದು ಷೆಂಗೆನ್ ವೀಸಾ ನಾಲ್ಕೂ ದೇಶಕ್ಕೆ ಸಾಕು. ಹಾಗೆಂದು ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿಡಬೇಡಿ. 2023ರ ಅಕ್ಟೋಬರ್‌ನಿಂದ ಇಟಲಿ ಸ್ಲೊವೇನಿಯಾ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿದೆ. ಬಾಡಿಗೆ ಕಾರು ಬುಕ್ ಮಾಡುವಾಗಲೇ ಯಾವ ಯಾವ ದೇಶಕ್ಕೆ ಹೋಗುತ್ತೀರೆಂದು ಬರೆಸಿ, ಕಾಗದ ಕೈಗೆ ಬಂದಾಗ ಓದಿ ನೋಡಿ. ನನ್ನ ಕಾಗದದಲ್ಲಿ ಸ್ಲೊವೇನಿಯಾದ ಹೆಸರೇ ಬಿಟ್ಟುಹೋಗಿತ್ತು. ಕೌಂಟರ್‌ನಲ್ಲೇ ಗಮನಿಸಿದ್ದರಿಂದ ಒಂದು ಗಂಟೆ ತಡವಾಗಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ.

ಟೋಲ್ ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾ, ಸ್ಲೊವೇನಿಯಾ ಹೆದ್ದಾರಿಗೆ ವಿಗ್ನೆಟ್ ಬೇಕು, ಅಂದರೆ ಇಷ್ಟು ದಿನಕ್ಕೆ ಇಷ್ಟು ಎಂದು ಮೊದಲೇ ಕಟ್ಟುವ ಹಣ. ಸ್ಲೊವೇನಿಯಾದಲ್ಲಿ 2022ರಿಂದ ಸ್ಟಿಕ್ಕರ್ ಹೋಗಿ ಪೂರ್ತಿ ಡಿಜಿಟಲ್ ಆಗಿದೆ. ಡಿಜಿಟಲ್ ವಿಗ್ನೆಟ್ ಕಾರಿನ ನಂಬರಿಗೆ ಅಂಟಿಕೊಂಡಿರುತ್ತದೆ. ಬಾಡಿಗೆ ಕಾರಿನ ನಂಬರ್ ಕೀಲಿ ಕೈಗೆ ಬರುವ ತನಕ ಗೊತ್ತಾಗುವುದಿಲ್ಲವಲ್ಲ, ಪಾರ್ಕಿಂಗ್‌ನಲ್ಲೇ ನಿಂತು, ಅಪ್ಪ ಒಂದೊಂದೇ ಅಕ್ಷರ ಓದಿ ಹೇಳಿ, ನಾನು ಟೈಪ್ ಮಾಡಿ ಕೊಂಡೆವು. ಆಸ್ಟ್ರಿಯಾದ್ದು ಹತ್ತು ದಿನಕ್ಕೆ. ಸ್ಲೊವೇನಿಯಾದ ಏಳು ದಿನದ್ದನ್ನು ಹೆದ್ದಾರಿ ಹತ್ತುವ ದಿನದಿಂದ ಶುರುವಾಗುವಂತೆ ಹಾಕಿದೆ, ಏಕೆಂದರೆ ವ್ರ್ಶಿಚ್‌ಗೂ ಸೋಚಾ ಕಣಿವೆಗೂ ಅದು ಬೇಡ. ಗ್ರೋಸ್‌ಗ್ಲಾಕ್ನರ್‌ಗೆ, ಆಸ್ಟ್ರಿಯಾ-ಇಟಲಿ ನಡುವಿನ ಬ್ರೆನ್ನರ್ ಹೆದ್ದಾರಿಗೆ ಬೇರೆಯೇ ಟೋಲ್. ಇಟಲಿಯಲ್ಲಿ ಚೀಟಿ ತೆಗೆದುಕೊಂಡು ಹತ್ತಿ, ಇಳಿಯುವಾಗ ದೂರಕ್ಕೆ ತಕ್ಕಂತೆ ಕಟ್ಟಬೇಕು. ಅಲ್ಲಿನ ಹಳೆಯ ಪೇಟೆಗಳಲ್ಲಿ 'ಝಡ್‌ಟಿಎಲ್' (ವಾಹನ ನಿರ್ಬಂಧಿತ ವಲಯ) ಫಲಕ ಕಂಡರೆ ಒಳಗೆ ನುಗ್ಗಬೇಡಿ, ಕ್ಯಾಮೆರಾ ಇರುತ್ತದೆ, ದಂಡ ಮನೆಗೇ ಬರುತ್ತದೆ.

ಗ್ರೋಸ್‌ಗ್ಲಾಕ್ನರ್ 1935ರಲ್ಲಿ ತೆರೆದ ರಸ್ತೆ, 48 ಕಿಲೋಮೀಟರ್, 36 ತಿರುವು. ಚೆಂದವೇ. ಆದರೆ ನಮ್ಮ ಮನಸ್ಸು ನಿಂತದ್ದು ವ್ರ್ಶಿಚ್‌ನಲ್ಲಿ. ಕ್ರಾನ್‌ಸ್ಕಾ ಗೋರಾದಿಂದ ಹತ್ತಿ 1,611 ಮೀಟರ್ ಮುಟ್ಟಿ ಸೋಚಾ ಕಡೆಗೆ ಇಳಿಯುವಷ್ಟರಲ್ಲಿ 50 ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರ್ ಫಲಕ. ಹತ್ತುವ ಬದಿಯ ತಿರುವುಗಳಿಗೆ ಇನ್ನೂ ಕಲ್ಲುಹಾಸು. ಟೈರಿನ ಸದ್ದು ಬದಲಾದ ಕೂಡಲೇ ಅಪ್ಪ ಕಿಟಕಿ ಇಳಿಸಿದರು. ಎಂಟನೇ ತಿರುವಿನ ಹತ್ತಿರ ಮರದ ಪುಟ್ಟ ರಷ್ಯನ್ ಚಾಪೆಲ್ ಇದೆ. ಮೊದಲ ಮಹಾಯುದ್ಧದಲ್ಲಿ ಈ ರಸ್ತೆ ಕಡಿದವರು ರಷ್ಯನ್ ಯುದ್ಧಕೈದಿಗಳು. 1916ರ ಮಾರ್ಚ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರ ನೆನಪಿಗೆ ಉಳಿದ ಕೈದಿಗಳೇ ಕಟ್ಟಿದ್ದಂತೆ ಅದು. ಅಪ್ಪ ಮೆಟ್ಟಿಲ ಬಳಿಯೇ ಚಪ್ಪಲಿ ಬಿಟ್ಟು ಕೈಮುಗಿದರು.

ಇಳಿಯುವಾಗ ಮೂರನೇ ತಿರುವಿಗೇ ನನ್ನ ಬ್ರೇಕ್ ಸುಟ್ಟ ವಾಸನೆ ಹೊಡೆಯತೊಡಗಿತು. "ಬ್ರೇಕ್ ತುಳೀತಾನೇ ಇರ್ಬೇಡ ಕಣಮ್ಮ. ಸೆಕೆಂಡ್ ಗೇರ್‌ಗೆ ಹಾಕು, ಇಂಜಿನ್ನೇ ಹಿಡಿಯುತ್ತೆ. ತಿರುವಿಗೆ ಮುಂಚೆ ಒಂದ್ಸಲ ತುಳಿ, ಬಿಡು," ಎಂದರು ಅಪ್ಪ. ಕೊನೆಯ ತಿರುವಿನವರೆಗೂ ಹಾಗೇ ಇಳಿದೆ. ವಾಸನೆ ಮತ್ತೆ ಬರಲಿಲ್ಲ.

ಸೋಚಾ ಕಣಿವೆಯ ಕೊಬಾರಿದ್‌ನಲ್ಲಿ ಎರಡು ರಾತ್ರಿ. ನದಿ ಪಚ್ಚೆ ಬಣ್ಣದ್ದು, ಫೋಟೋದಲ್ಲಿ ಕಂಡದ್ದಕ್ಕಿಂತ ಗಾಢ. ಅಲ್ಲಿನ ಶ್ಟ್ರುಕ್ಲಿ ಎಂಬ ಸಿಹಿಯೊಳಗೆ ಆಕ್ರೋಟ್ ಹೂರಣ. ಅಮ್ಮ ಒಂದು ತುತ್ತು ತಿಂದು "ನಮ್ಮ ಕಡುಬೇ" ಅಂದರು.

ಆಮೇಲೆ ಇಟಲಿ ಗಡಿಗೆ ಅಂಟಿಕೊಂಡಿರುವ ಸ್ಲೊವೇನಿಯಾದ ನೋವಾ ಗೋರಿತ್ಸಾ. 1947ರಲ್ಲಿ ಗಡಿ ಎಳೆದಾಗ ರೈಲ್ವೆ ನಿಲ್ದಾಣ ಯುಗೊಸ್ಲಾವಿಯಕ್ಕೆ (ಸ್ಲೊವೇನಿಯಾ ಆಗ ಅದರ ಭಾಗ), ಹಳೆಯ ಪೇಟೆ ಇಟಲಿಗೆ ಹೋಯಿತು. ನಿಲ್ದಾಣದ ಎದುರಿನ ಚೌಕದ ಬೇಲಿ ತೆಗೆದದ್ದು 2004ರಲ್ಲಿ. ಈಗ ನೆಲದಲ್ಲಿ ಒಂದು ಗೆರೆ ಮಾತ್ರ. ಅಮ್ಮ ಅದರ ಆಚೆಗೊಂದು ಈಚೆಗೊಂದು ಕಾಲಿಟ್ಟು ಬಹಳ ಹೊತ್ತು ನಿಂತಿದ್ದರು.

ಸ್ಲೊವೇನಿಯಾದ ಗುಹೆಗಳಲ್ಲಿ ಶ್ಕೋತ್ಸ್ಯಾನ್ ಹೆಚ್ಚು ಭವ್ಯ ಎನ್ನುತ್ತಾರೆ, ಆದರೆ ಅಲ್ಲಿ ನೂರಾರು ಮೆಟ್ಟಿಲು. ಅಮ್ಮನಿಗಾಗಿ ಪೊಸ್ತೊಯ್ನಾ ಆರಿಸಿದೆ. ಅಲ್ಲಿ ಗುಹೆಯೊಳಗೇ ರೈಲು ಕರೆದೊಯ್ಯುತ್ತದೆ. ಒಳಗೆ ಸುಮಾರು 10 ಡಿಗ್ರಿ, ಸ್ವೆಟರ್ ಒಯ್ಯಿರಿ. ತ್ರಿಯೆಸ್ತೆಯಲ್ಲಿ ಸಮುದ್ರದ ದಂಡೆಯ ಮೇಲೆ ಕೂತು ಕಾಫಿ ಕುಡಿದದ್ದೇ ಕಾರ್ಯಕ್ರಮ.

ಕೊನೆಯ ದಿನಕ್ಕೆ ಬೇಕೆಂದೇ ಯಾವ ನಿಲುಗಡೆಯನ್ನೂ ಇಟ್ಟಿರಲಿಲ್ಲ. ಬ್ರೆನ್ನರ್ ದಾಟಿದ ಮೇಲೆ ಅಪಘಾತವಾಗಿ ಗಾಡಿಗಳು ನಿಂತವು. ನಿಲ್ಲುವ ಮೊದಲೇ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಓಣಿ ಬಿಟ್ಟರು. ಜರ್ಮನಿ, ಆಸ್ಟ್ರಿಯಾದಲ್ಲಿ ಅದು ಕಾನೂನು. ನಾನೂ ಸರಿದೆ. ಆಂಬುಲೆನ್ಸ್ ಆ ಓಣಿಯಲ್ಲಿ ಎಲ್ಲೂ ನಿಲ್ಲದೆ ಹೋಯಿತು. ಅಪ್ಪ ಅದು ಮರೆಯಾಗುವ ತನಕ ನೋಡಿದರು. "ಶಿರಾಡೀಲಿ ಹಿಂಗೆ ದಾರಿ ಬಿಟ್ಟಿದ್ರೆ..." ಎಂದವರು ಮುಂದೆ ಮಾತಾಡಲಿಲ್ಲ.

ಮ್ಯೂನಿಕ್ ತಲುಪಿದಾಗ ರಾತ್ರಿ ಒಂಬತ್ತೂವರೆ. ಗಾಡಿ ವಾಪಸು ಕೊಡುವುದು ಮರುದಿನ ಬೆಳಿಗ್ಗೆಗೆಂದು ಮೊದಲೇ ಬರೆಸಿದ್ದೆ.